ಮಾರ್ಗ್ರಾಟೆನ್‌ನಲ್ಲಿ ಲಾಯ್ಡ್‌ನ ಹುಟ್ಟುಹಬ್ಬ

ಮಾರ್ಗ್ರಾಟೆನ್, ಹಾಲೆಂಡ್
ಜೂನ್ ೧೯೪೭

ಸೊಸೆ ಇರ್ಮಾಳಿಗೆ ಮಾವನ ಆಶೀರ್ವಾದಗಳು.

ಈ ಸೀಮೆಯನ್ನು ಶತ್ರುವಿನಿಂದ ಬಿಡಿಸಿ ಮಡಿದ ನಮ್ಮ ಅಮೆರಿಕದ ಸೈನಿಕರ ಒಂದೊಂದು ಸಮಾಧಿಯನ್ನು ಇಲ್ಲಿಯ ಒಂದೊಂದು ಮನೆಯವರು ನೋಡಿಕೊಳ್ಳುತ್ತಾರೆ. ಲಾಯ್ಡ್‌ನ ಸಮಾಧಿ ಟ್ರೂಸ್ ಎಂಬಾಕೆಯ ಪಾಲಿನದು. ಇಂದು ಆಕೆ ಅಲ್ಲಿಯೇ ನನ್ನ ಕೈಕುಲುಕಿ, "ಮಗನ ಹುಟ್ಟುಹಬ್ಬ, ನಿಮಗೆ ಶುಭಾಶಯ ಕಣ್ರೀ. ನಮ್ಮಲ್ಲಿ ಹೆತ್ತವರಿಗೂ ಹೇಳ್ತೀವಿ. ನ್ಯಾಯಾಧೀಶರ ಥರ ಮುಖ ಗಂಟಿಕ್ಕಿಕೊಂಡ್ರೆ ಬಿಡ್ತೀವಾ? ಚೆರಿ ಪೈ ತಿನ್ನಿ," ಎಂದಳು. ಅವಳ ಹಿಂದೆ ಇಡೀ ಬೀದಿಯೇ ಸಾಲುಗಟ್ಟಿ ಕೈಕುಲುಕಿತು. ಆಮೇಲೆ ಮೆಲ್ಲಗೆ ಕೇಳಿದಳು: "ಅವನನ್ನ ಊರಿಗೆ ಒಯ್ತೀರಂತೆ. ಬರೋ ವರ್ಷ ನಾವು ಎಲ್ಲಿಗೆ ಬರೋದು?"

ಮೊಣಕಾಲು ನೋವು ಹಾಗೆಯೇ ಇದೆ.

ಅವನು ಇಲ್ಲಿಯೇ ಇರಲೆಂದು ನೀನು ಅತ್ತಾಗ, ಊರಿಗೆ ತರಬೇಕೆಂದು ವಾದಿಸಿ ಗೆದ್ದವನು ನಾನು. ಗೆಲ್ಲಬಾರದಿತ್ತು. ಸಮಾಧಿ ಅಗೆಯುವುದು ಮುಂದಿನ ತಿಂಗಳು. ಹೆಂಡತಿಯಾಗಿ ನಿನ್ನ ಮಾತೇ ಕೊನೆಯದು. ಆಗಿನ ನಿನ್ನ ಮನಸ್ಸು ಬದಲಾಗಿರದಿದ್ದರೆ ಕೂಡಲೇ ಸೈನ್ಯಕ್ಕೆ ತಂತಿ ಕಳುಹಿಸು, ನಾನು ಎದುರಾಡುವುದಿಲ್ಲ.

ಮಾವ