ಈ ಬೇಸಿಗೆಯ ದುಂಡುಮಲ್ಲಿಗೆ

ರೇಖಾಳ ಅಪ್ಪನಿಗೆ,

ನೀವಿದ್ದಾಗ ಹೆಸರು ಹಿಡಿದು ಕರೆದವಳಲ್ಲ, ಈಗಲೂ ಕರೆಯುವುದಿಲ್ಲ. ನಮ್ಮ ಹಿತ್ತಲಿನ ದುಂಡುಮಲ್ಲಿಗೆ ಈ ಬೇಸಿಗೆ ಮೈತುಂಬ ಬಿಟ್ಟಿದೆ. ನೀವು ಹೋಗಿ ಇನ್ನೂ ವರ್ಷ ತುಂಬಿಲ್ಲ, ಅದಕ್ಕೇನೂ ಗೊತ್ತೇ ಇಲ್ಲ. ನನಗೆ ಸಿಟ್ಟು ಬರುತ್ತದೆ.

ಹೋದ ಬೇಸಿಗೆಯ ಸಂಜೆಗಳು ನೆನಪಿವೆಯೇ? ಸವದತ್ತಿಯ ಕಾದ ಕಲ್ಲುಗಳು ಇನ್ನೂ ಝಳ ಬಿಡುತ್ತಿರುವಾಗಲೇ ನೀವು ಹಿತ್ತಲಿಗೆ ನೀರು ಚಿಮುಕಿಸುತ್ತಿದ್ದಿರಿ. ನಳ ಬರುವುದು ವಾರಕ್ಕೊಮ್ಮೆ. ಅಕ್ಕಿ ತೊಳೆದ ನೀರನ್ನೂ ಚೆಲ್ಲಗೊಡುತ್ತಿರಲಿಲ್ಲ. ದಾಸವಾಳ, ಕಣಗಲ ಎಲ್ಲ ಇದ್ದರೂ ನಿಮ್ಮ ಜೀವ ಮಲ್ಲಿಗೆಯ ಮೇಲೆ. ಕಟ್ಟೆಯ ಮೇಲೆ ಕುಳಿತು ನೀವು ಮೊಗ್ಗು ಜೋಡಿಸುವುದು, ನಾನು ಕಟ್ಟುವುದು. ಒಮ್ಮೆ ಹಟ ಮಾಡಿ ನೀವೇ ಕಟ್ಟಿದಿರಿ. ಅದನ್ನು ಮುಡಿದು ನಿಮ್ಮೊಡನೆ ಬಸ್ಸು ಹತ್ತಿದೆ. ಕಟಕೋಳ ಮುಟ್ಟುವಷ್ಟರಲ್ಲಿ ಒಂದೊಂದೇ ಉದುರಿದವು. ಹಿಂದಿನ ಸೀಟಿನ ಮುದುಕಿ ಅವನ್ನು ಆರಿಸಿ ಕೊಡುತ್ತಾ, "ಯಾರ ಕಟ್ಯಾರ ಯವ್ವಾ ಇದನ್ನ?" ಎಂದಳು. "ಇವರ ನೋಡ್ರಿ" ಎಂದೆ. ಬಸ್ಸೆಲ್ಲ ನಕ್ಕಿತು. ನೀವು ಮಾತ್ರ ಮುಖ ಊದಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಿರಿ.

ದವಾಖಾನೆಯಲ್ಲಿ ಮಲಗಿದ್ದ ನೀವು ಒಂದು ದಿನ ನನ್ನ ಬರಿ ತುರುಬು ನೋಡಿ, "ನಾ ಹ್ವಾದ ಮ್ಯಾಲೂ ಹೂ ಮುಡಿಯೂದು ಬಿಡಬ್ಯಾಡ. ಆ ಗಿಡಾ ಯಾರ ಸಲುವಾಗಿ ಹಚ್ಚೇನಿ?" ಎಂದಿರಿ. "ಅಂಥಾ ಮಾತು ಆಡಬ್ಯಾಡ್ರಿ" ಎಂದು ಬೈದೆ. ನಿಮ್ಮನ್ನು ಮನೆಗೆ ತಂದಾಗ ಹೆಂಗಸರು ನನ್ನನ್ನು ನಿಮ್ಮ ಪಕ್ಕದಲ್ಲಿ ಕೂರಿಸಿ, ಕೊನೆಯ ಸಲ ಎಂದು ತಲೆತುಂಬ ಹೂ ಮುಡಿಸಿದರು. ಚಳಿಗಾಲ, ನಮ್ಮ ಗಿಡ ಬರಿದಾಗಿತ್ತು. ಪೇಟೆಯಿಂದ ತಂದ ಸೇವಂತಿಗೆ. ಆಮೇಲೆ ಅವರೇ ಅದನ್ನು ಕಿತ್ತು ತೆಗೆದರು. ಜೊತೆಗೆ ಕೂದಲೂ ಬಂತು. ನೀವು ನೋಡಲಿಲ್ಲ, ಒಳ್ಳೆಯದೇ ಆಯಿತು.

ಯುಗಾದಿ ಕಳೆದು ಮೊದಲ ಮೊಗ್ಗು ಬಂದಾಗ ನಿಮ್ಮ ಮಾತಿನಂತೆ ಮುಡಿದೆ. ರೇಖಾ ನೋಡಿ, "ಚಂದ ಕಾಣಸ್ತಿ ಅವ್ವಾ" ಎಂದಳು. ಹೂ ಮುಡಿದು ಹಿತ್ತಲು ದಾಟುತ್ತಿರಲಿಲ್ಲ ನಾನು. ಸಂಜೆ ಅದೇ ಕಟ್ಟೆಯ ಮೇಲೆ ಕುಳಿತರೆ ನೀವು ಒಳಗೆ ಚಹಾ ಕುಡಿಯುತ್ತಿದ್ದೀರಿ, ಈಗ ಬರುತ್ತೀರಿ ಅನ್ನಿಸುತ್ತಿತ್ತು... ಅಷ್ಟರಲ್ಲಿ ರೇಖಾಳನ್ನು ನೋಡಲು ಬರುತ್ತೇವೆ ಎಂದು ರಾಮದುರ್ಗದಿಂದ ಗಂಡಿನವರ ಫೋನು ಬಂತು. ಬೈಲಹೊಂಗಲದಿಂದ ನಿಮ್ಮ ಅಕ್ಕ ಬಂದರು. ಚೀಲ ಕೆಳಗಿಡುವ ಮೊದಲೇ ನನ್ನ ತುರುಬು ನೋಡಿ, "ಮಗಳ ಲಗ್ನ ಆಗೂದು ಬ್ಯಾಡೇನ ನಿನಗ?" ಎಂದರು. ನಾನು ರೇಖಾಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ನಾನು ಹೂ ತೆಗೆದೆ.

ಮೊನ್ನೆ ರವಿವಾರ ಗಂಡಿನವರು ಬಂದರು. ಮುತ್ತೈದೆಯರಿಗೆ ಕೊಡುವ ಮಾಲೆಗಳನ್ನೆಲ್ಲ ಅಡುಗೆಮನೆಯಲ್ಲಿ ಕುಳಿತು ನಾನೇ ಕಟ್ಟಿದೆ. ಉಡಿ ತುಂಬಿದವರು ನಿಮ್ಮ ಅಕ್ಕ. ಹೂವಿನ ತಾಟನ್ನು ರೇಖಾಳ ಕೈಗೆ ಕೊಟ್ಟರು. ಅವಳು ಎಲ್ಲರಿಗೂ ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ತಾಟಿನಲ್ಲಿ ಇನ್ನೂ ಒಂದು ಮಾಲೆ ಇತ್ತು. ಹುಡುಗನ ತಾಯಿ ಹಿಂದಿನಿಂದ ನೋಡುತ್ತಿದ್ದರು. ಹೋಗು ಎಂದು ನಾನೇ ಕಣ್ಸನ್ನೆ ಮಾಡಿದೆ. ಹೋದಳು.

ಎಲ್ಲರೂ ಹೋದ ಮೇಲೆ ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಲಗ್ನ ಆಗೂತನಾ ಅಷ್ಟ ತಡಿ ಅವ್ವಾ" ಎಂದಳು. ಯಾರನ್ನು ಬೈಯಲಿ? ನಿಮ್ಮನ್ನೇ ಬೈದೆ, ಮನಸ್ಸಿನಲ್ಲಿ. ಇಂಥ ಆಸೆ ಹೇಳಿ ಹೋಗಬಾರದಿತ್ತು ನೀವು.

ಹುಡುಗ ಒಪ್ಪಿದ್ದಾನೆ, ರೇಖಾಳಿಗೂ ಒಪ್ಪಿಗೆ. ಅವನ ಫೋನು ಬಂದರೆ ಹಿತ್ತಲಿಗೆ ಓಡುತ್ತಾಳೆ, ನಗುತ್ತಾಳೆ. ಲಗ್ನ ದೀಪಾವಳಿ ಆದ ಮೇಲೆ. ಅಷ್ಟರಲ್ಲಿ ಮಲ್ಲಿಗೆಯ ಕಾಲ ಮುಗಿದಿರುತ್ತದೆ. ಮುಂದಿನ ಬೇಸಿಗೆ ಮುಡಿಯೋಣವೆಂದರೆ, ದೇವರು ಕಣ್ಣು ತೆರೆದರೆ, ಬಸುರಿ ಮಗಳಿಗೆ ಉಡಿ ತುಂಬುವ ಕುಬಸ ಇದೇ ಮನೆಯಲ್ಲಿ ಆಗಬೇಕು. ಅದೇ ಜನ ಬರಬೇಕು. ಅದರ ಮುಂದಿನ ಬೇಸಿಗೆ ಕೂಸಿನ ಮೊದಲ ಕೂದಲು ತೆಗೆಸುವ ಜವಳ... ಅಂದಿಗೂ ತಾಟು ಬಾಗಿಲ ತನಕ ಬಂದು ತಿರುಗುತ್ತದೆ, ಅಲ್ಲವೇ?

ಗಿಡಕ್ಕೆ ನೀರು ತಪ್ಪಿಸುವುದಿಲ್ಲ. ನಿಮಗೆ ಅಷ್ಟು ಮಾತ್ರ ಮಾತು ಕೊಡಬಲ್ಲೆ.

ರೇಖಾಳ ಅವ್ವ