ದ್ವೀಪದ ಮೇಲಿನ ಕೆಂಪು ಚುಕ್ಕೆ

ಅತ್ತೆಗೆ ನಮಸ್ಕಾರ,

ಎರಡು ವರ್ಷ ಮುಚ್ಚಿಟ್ಟ ಮಾತನ್ನು ಈಗ ಹೇಳುತ್ತಿದ್ದೇನೆ. ಅಂದು ನಿಮ್ಮ ಒಣಗಿಸಿದ ಎಲೆಗಳ ಕೋಣೆಯಲ್ಲಿ, ಊರು, ದಿನಾಂಕ ಬರೆದ ಎರಡು ಚೀಟಿಗಳು ಫ್ಯಾನಿನ ಗಾಳಿಗೆ ಹಾರಿದವು. ಯಾವ ಚೀಟಿ ಯಾವ ಎಲೆಯದೆಂದು ತಿಳಿಯದೆ ಅಂದಾಜಿನಲ್ಲಿ ಅಂಟಿಸಿದೆ. ದೂರದ ದ್ವೀಪವೊಂದರ ಚೀಟಿ ನೀವು ಅಧ್ಯಯನ ಮಾಡುವ ಮರದ ಎಲೆಗೆ ಬಿತ್ತು. ಅದನ್ನು ನಂಬಿ ನೀವು, ಆ ಮರದ ಕುಲ ಎಲ್ಲೆಲ್ಲಿ ಬೆಳೆಯುತ್ತದೆಂದು ತೋರಿಸುವ ನಕ್ಷೆಯಲ್ಲಿ, ಆ ದ್ವೀಪದ ಮೇಲೆ ಕೆಂಪು ಚುಕ್ಕೆಯಿಟ್ಟಿರಿ.

“ಲೇ ಅಂಟುಗೈ, ಶಾಲೆ ಬಿಟ್ಟು ಬಂದವಳು ಕಡಲು ದಾಟಿದ ಮರಾನೇ ಹುಡುಕಿಕೊಟ್ಟೆಯಲ್ಲೇ!” ಎಂದು ನಕ್ಕಿರಿ. ನನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ನಿಜ ಹೇಳಲು ಬಾಯಿ ಬರಲಿಲ್ಲ.

ಅಂದಿನಿಂದ ಆ ಮರ ಕನಸಿಗೆ ಬರುತ್ತದೆ. ರೆಕ್ಕೆಯಿರುವ ಅದರ ಕಾಯಿಗಳು ಗಿರಗಿರನೆ ತಿರುಗುತ್ತ ನೀರಿನ ಮೇಲೆ ಇಳಿಯುತ್ತವೆ. ಕೈಯೊಡ್ಡಿದರೆ ಒಂದೂ ಸಿಗುವುದಿಲ್ಲ.

ನನ್ನ ಅಂದಾಜು ಸರಿಯಿದ್ದರೂ ಇರಬಹುದು. ಆದರೆ ನಿಮ್ಮ ಪುಸ್ತಕ ಅಚ್ಚಿಗೆ ಹೋಗುತ್ತಿದೆ, ಅದರಲ್ಲಿ ಅಂದಾಜು ಇರಬಾರದು. ನಾನು ಅಲ್ಲಿಂದ ಕೊಂಬೆ ಕಳಿಸುವವರೆಗೆ ಆ ಚುಕ್ಕೆಯನ್ನು ಅಳಿಸಿಡಿ. ಎರಡೂ ಎಲೆಗಳು ನಿಮ್ಮ ಮೇಜಿನ ಮೇಲಿವೆ. ಅಂಟಿನ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, ನೀವು ಯಾವಾಗಲೂ ಮರೆಯುತ್ತೀರಿ.

ನಾಳೆ ಬೆಳಗಿನ ಹಡಗಿನಲ್ಲಿ ಆ ದ್ವೀಪಕ್ಕೆ ಹೊರಡುತ್ತೇನೆ.

ನಿಮ್ಮ
ಅಂಟುಗೈ