ಹೊತ್ತು ಮುಳುಗಿದ ಮೇಲಿನ ಹೊಗೆ

ಮೇಲವಂಕಿ, ೧೮ ನವೆಂಬರ್ ೧೯೪೨, ಬುಧವಾರ

ಆ ಹೊಗೆ ಇನ್ನೂ ಮೂಗಿನಲ್ಲೇ ಇದೆ.

ನಿನ್ನೆ ಅದು ಪದ್ಮವ್ವ ಕಾಕುವಿನ ಮನೆಯಿಂದ ಮಾತ್ರ ಎದ್ದಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮ ಜೈನರ ಓಣಿಯಲ್ಲಿ ಯಾರೂ ಉಣ್ಣುವುದಿಲ್ಲ, ಒಲೆ ಹಚ್ಚುವುದಿಲ್ಲ. ಅಂದಮೇಲೆ ಒಳಗೆ ಉಣ್ಣುವವನು ಹೊರಗಿನವನು. ಚಲೇಜಾವ್ ಚಳವಳಿಯಲ್ಲಿ ತಾರಿನ ತಂತಿ ಕಡಿದು ತಲೆತಪ್ಪಿಸಿಕೊಂಡ ನಾಗನೂರಿನ ಪರಪ್ಪನೇ ಇರಬೇಕು. ಇಂಥದ್ದು ಹೊಳೆಯುವವನು ಬೇಕೆಂದೇ ಗೋಕಾಕದ ಪೊಲೀಸರು ನನ್ನನ್ನು ಸುದ್ದಿ ಕೊಡಲು ಗುಟ್ಟಾಗಿ ಇಟ್ಟುಕೊಂಡದ್ದು.

ಬೆಳಿಗ್ಗೆ ಫೌಜದಾರರಿಗೆ ಹೇಳಬೇಕಿತ್ತು. ಹೋಗಲಿಲ್ಲ. ಕಾಕುವಿನ ಕಟ್ಟೆಯ ಮೇಲೆ ಹೋಗಿ ಕೂತೆ.

"ಕಾಕೂ, ಕತ್ತಲಾದ ಮ್ಯಾಲ ನಿಮ್ಮ ಮನ್ಯಾಗ ಹೊಗಿ ಏಳಾಕತ್ತಿತ್ತಲ್ರಿ. ನನಗ ಕಂಡದ್ದು ಇನ್ನೊಬ್ಬರಿಗೂ ಕಾಣತೈತಿ."

ಆಕೆ ಕಾಳು ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. "ಹಸ್ಕೊಂಡ ಬಂದವಗ ತಂಗಳ ಹ್ಯಾಂಗ ನೀಡ್ಲೋ, ಕುಂಥು?" ಎಂದಳು.

ಇವತ್ತು ಹೊತ್ತು ಮುಳುಗಿದ ಮೇಲೆ ನೋಡಿದರೆ ಓಣಿಯ ಎಲ್ಲ ಮನೆಗಳ ಮೇಲೂ ಹೊಗೆ. ನಮ್ಮ ಮನೆಯ ಮೇಲೂ. ಒಳಗೆ ಅವ್ವ ಒಲೆಯ ಮುಂದೆ ಕೂತಿದ್ದಳು. ಒಲೆಯ ಮೇಲೆ ಬರೀ ನೀರಿನ ಪಾತ್ರೆ. ಹುಳ ಬಿದ್ದು ಸತ್ತೀತೆಂದು ದೀಪ ಹಚ್ಚುವುದಕ್ಕೂ ಅಂಜುವವಳು.

"ಇದ್ಯಾರಿಗವ್ವಾ?"

"ಯಾರಿಗೂ ಅಲ್ಲ." ಊದುಗೊಳವೆಯನ್ನು ಕೆಳಗಿಟ್ಟಳು. "ಈಗ ಯಾವ ಮನೀದಂತ ಹೇಳ್ತಿ? ಹೋಗು, ಹೇಳಿ ಬಾ."

ನನ್ನ ಕೆಲಸ ಆಕೆಗೆ ಯಾವಾಗ ಗೊತ್ತಾಯಿತೋ. ಪಕ್ಕದಲ್ಲಿ ಕೂತು, ಹೊಗೆ ಹೆಚ್ಚಲೆಂದು ಒಲೆಗೆ ಒಂದು ಹಸಿ ಕಟ್ಟಿಗೆ ಇಟ್ಟೆ.